ಕಕ್ಷೆ ಸರಿ ಇದ್ದರೂ ಟಿಕ್ ಬೀಳದಿದ್ದರೆ

ರಾಕೆಟ್ ಕಟ್ಟಿ ಹಾರಿಸುವ ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಆಟದ ಕಾಂಟ್ರಾಕ್ಟ್‌ಗಳು, ಅಂದರೆ ದುಡ್ಡಿಗೆ ಒಪ್ಪಿಕೊಳ್ಳುವ ಕೆಲಸಗಳು, ತಲೆಬುಡ ಅರ್ಥವಾಗಲ್ಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜಾನೇ, ಆದರೆ ಉಪಗ್ರಹವನ್ನು ಹೇಳಿದ ಕಕ್ಷೆಗೆ ಸೇರಿಸುವ ಕಾಂಟ್ರಾಕ್ಟ್ ಮಟ್ಟಿಗೆ ಉತ್ತರ ಮ್ಯಾಪ್‌ನಲ್ಲೇ ಇದೆ. ಕೊಟ್ಟ ಕಕ್ಷೆಯ ಗೆರೆ ಮೇಲೆ ಚುಕ್ಕಿಗಳು ಓಡುತ್ತಿರುತ್ತವೆ ನೋಡಿ, ನೌಕೆಯೂ ಅದೇ ದಿಕ್ಕಿಗೆ ಸುತ್ತಬೇಕು. ಉಲ್ಟಾ ಸುತ್ತಿದರೆ ಎತ್ತರ ಎಷ್ಟೇ ಕರೆಕ್ಟಾಗಿದ್ದರೂ ಕೆಲಸ ಮುಗಿಯಿತು ಅನ್ನುವ ಟಿಕ್ ಬೀಳಲ್ಲ. ಕಕ್ಷೆ ಎಷ್ಟು ವಾಲಿದೆ ಅನ್ನುವ ಓರೆಯೂ ಹೊಂದಬೇಕು, ಅದನ್ನು ಎರಡೂ ಕಕ್ಷೆಗಳ ಗೆರೆಗಳು ಒಂದನ್ನೊಂದು ದಾಟುವ ಜಾಗದಲ್ಲಿ ಎಂಜಿನ್ ಉರಿಸಿ ಸರಿಮಾಡಿ. ಆಂಟೆನಾ, ಸೋಲಾರ್ ಪ್ಯಾನೆಲ್ ಮರೆಯಬೇಡಿ. ಮತ್ತೆ, ಮೊದಲೇ ಹಾರಿಸಿಟ್ಟ ಹಳೇ ನೌಕೆ ನಡೆಯಲ್ಲ, ಕಾಂಟ್ರಾಕ್ಟ್ ಒಪ್ಪಿದ ಮೇಲೆ ಹೊಸದನ್ನೇ ಕಳಿಸಬೇಕು. ಆಟದವರು ಇದನ್ನು ಸ್ವಲ್ಪ ದಪ್ಪಕ್ಷರದಲ್ಲಿ ಹಾಕಬಹುದಿತ್ತು, ಅಲ್ವಾ? ಎಲ್ಲಾ ಹೊಂದಿದ ಮೇಲೆ ಎಂಜಿನ್ ಆರಿಸಿ ಸುಮ್ನೆ ಬಿಡಿ. ಸುಮಾರು 10 ಸೆಕೆಂಡ್ ಸ್ಥಿರವಾಗಿದ್ದರೆ ಟಿಕ್ ತಾನಾಗಿ ಬೀಳುತ್ತದೆ. ಬಿಡಿಭಾಗ ಪರೀಕ್ಷಿಸುವ ಕಾಂಟ್ರಾಕ್ಟ್‌ಗಳಂತೂ ದುಡ್ಡಿಗೆ ತೀರಾ ಗತಿಯಿಲ್ಲದಿದ್ದರೆ ಮಾತ್ರ ಒಪ್ಪಿಕೊಳ್ಳಿ.