ಆ ಬೆರಳಚ್ಚನ್ನು ಉಜ್ಜಬಾರದಿತ್ತು ಭಾವ

ನಿನ್ನೆ ಸಂಜೆ ವಿಜಯನಗರಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಭಾವ ಇದನ್ನು ಓದುತ್ತಾರೆ ಅಂತ ಗೊತ್ತು. ಓದಲಿ. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತೇನೆ.

ಎರಡು ತಿಂಗಳ ಹಿಂದೆ ಅಕ್ಕನ ಮಗಳಿಗೆ ಹನ್ನೊಂದು ತುಂಬಿತು. ಅವಳಿಗೊಂದು ಜಾಗ್ವಾರ್ ಯುದ್ಧವಿಮಾನದ ಕಿಟ್ ಕೊಟ್ಟೆ, ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಜೋಡಿಸುವ ಮಾದರಿ. 1/72 ಅಳತೆಯದು, ಅಂದರೆ ನಿಜವಾದದ್ದರ ಎಪ್ಪತ್ತೆರಡನೇ ಒಂದು ಭಾಗ. ಹದಿನೇಳು ಮೀಟರ್ ಹತ್ತಿರದ ವಿಮಾನ ಆ ಅಳತೆಯಲ್ಲಿ ಒಂದು ಗೇಣಿಗೆ ಇಳಿಯುತ್ತದೆ. ಜಾಗ್ವಾರೇ ಆಗಬೇಕು ಅಂತ ಹುಡುಕಿ ತಂದಿದ್ದೆ. ಯಾಕೆ ಅಂತ ಎಚ್‌ಎಎಲ್ ವಿಮಾನ ಕಾರ್ಖಾನೆ ಇರುವ ನಮ್ಮ ವಿಮಾನಪುರದ ಗೆಳೆಯರಿಗೆ ಹೇಳಬೇಕಿಲ್ಲ. ಅಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. 1979ರಲ್ಲಿ ನಮ್ಮ ವಾಯುಪಡೆಗೆ ಜಾಗ್ವಾರ್ ಬಂತು. ಮೊದಲು ಬ್ರಿಟನ್ನಿನಿಂದ ತಂದರು, ಆಮೇಲೆ ಇಲ್ಲೇ ಬೆಂಗಳೂರಲ್ಲಿ ಕಟ್ಟಿದರು. ಅಪ್ಪನ ಕೈ ಆಡಿದ ವಿಮಾನ ಅದು. ಬ್ರಿಟನ್, ಫ್ರಾನ್ಸ್, ಒಮಾನ್ ಎಲ್ಲರೂ ಅದನ್ನು ಬಿಟ್ಟಾಯಿತು, ಇನ್ನೂ ಹಾರಿಸುತ್ತಿರುವವರು ನಾವೇ. ಅಜ್ಜನನ್ನು ಕಣ್ಣಾರೆ ನೋಡದ ಮೊಮ್ಮಗಳು ಅಜ್ಜನ ವಿಮಾನವನ್ನು ತನ್ನ ಕೈಯಲ್ಲಿ ಜೋಡಿಸಲಿ ಅನ್ನುವ ಆಸೆ ನನಗೆ.

ನಿನ್ನೆ ನೋಡಿದರೆ ಶೋಕೇಸಿನಲ್ಲಿ ಜಾಗ್ವಾರ್ ನಿಂತಿದೆ. ನಿಜ ಹೇಳಬೇಕು ಅಂದರೆ ತುಂಬಾ ಚೆನ್ನಾಗಿದೆ. ರೆಕ್ಕೆಯ ಬುಡದಲ್ಲಿ ಸಂದು ಕಾಣುವುದಿಲ್ಲ. ಬೂದು, ಹಸಿರು ಸೇರುವ ಅಂಚು ನೀಟಾಗಿದೆ. ವಾಯುಪಡೆಯ ಮೂರು ಬಣ್ಣದ ವೃತ್ತದ ಡೆಕಾಲ್, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಚಿತ್ರ, ಬಣ್ಣ ಬಳಿದ ಹಾಗೇ ಕೂತಿದೆ. ಖುಷಿಯಿಂದ ಅವಳನ್ನು ಕೂಗಿ, "ಯಾವ್ಯಾವುದು ನೀನು ಮಾಡಿದ್ದು ಪುಟ್ಟಿ?" ಅಂತ ಕೇಳಿದೆ.

"ಡೆಕಾಲ್‌ಗೆ ಬಿಸಿನೀರು ತಂದುಕೊಟ್ಟೆ ಮಾಮ" ಅಂದಳು.

ಭಾವ ಪಕ್ಕದಲ್ಲೇ ನಗುತ್ತಾ ನಿಂತಿದ್ದರು. ಎಡಗಡೆ ರೆಕ್ಕೆ ಅವಳೇ ಅಂಟಿಸಿದ್ದಳಂತೆ. ಅಂಟು ಜಾಸ್ತಿಯಾಗಿ ಬೆರಳಚ್ಚು ಮೂಡಿತ್ತಂತೆ. "ಪೂರ್ತಿ ಉಜ್ಜಿ ತೆಗೆದೆ ಕಣಯ್ಯ, ಈಗ ನೋಡು, ಗೊತ್ತೇ ಆಗಲ್ಲ" ಅಂದರು.

ಗೊತ್ತೇ ಆಗಲ್ಲ. ಅದೇ ನನ್ನ ಸಂಕಟ.

ಈ ಕೆಲಸ ಗೊತ್ತಿಲ್ಲದವರಿಗೆ ಆ ಬೆರಳಚ್ಚು ಏನು ಅಂತ ಹೇಳುತ್ತೇನೆ. ಈ ಕಿಟ್‌ಗಳ ಅಂಟು ನಮ್ಮ ಫೆವಿಕಾಲ್ ಥರ ಅಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಎರಡೂ ತುಂಡಿನ ಅಂಚು ಕರಗಿ ಒಂದಾಗಿ ಗಟ್ಟಿಯಾಗುತ್ತದೆ, ಹೆಚ್ಚೂಕಡಿಮೆ ವೆಲ್ಡಿಂಗ್ ಇದ್ದ ಹಾಗೆ. ಮೆತ್ತಗಿರುವಾಗ ಬೆರಳು ತಾಗಿದರೆ ಒಂದೊಂದು ಗೆರೆಯೂ ಅಲ್ಲೇ ಉಳಿಯುತ್ತದೆ. ಈ ಹವ್ಯಾಸ ಹಿಡಿದ ಪ್ರತಿಯೊಬ್ಬರ ಮೊದಲ ವಿಮಾನದ ಮೇಲೂ ಆ ಗುರುತು ಇರುತ್ತದೆ. ಮುಂದಿನ ಸಲ ಅಂಟಿನ ಬ್ರಷ್ಷನ್ನು ಸಂದಿಯ ತುದಿಗಷ್ಟೇ ತಾಗಿಸಿ, ಅದೇ ಒಳಗೆ ಹರಿದುಹೋಗಲು ಬಿಡಬೇಕು ಅಂತ ಕಲಿಸುವುದು ಆ ಗುರುತೇ. ನಾನು ಬಾಯಲ್ಲಿ ನೂರು ಸಲ ಹೇಳಿದರೂ ಅದು ಬರುವುದಿಲ್ಲ.

ನನ್ನ ಮೊದಲ ವಿಮಾನ ಒಂದು ಸ್ಪಿಟ್‌ಫೈರ್, ಬ್ರಿಟಿಷರ ಹಳೆಯ ಯುದ್ಧವಿಮಾನದ ಕಿಟ್. ಹತ್ತು ವರ್ಷದವನಿದ್ದಾಗ ದೊಡ್ಡಪ್ಪ ಹೊರದೇಶದಿಂದ ತಂದುಕೊಟ್ಟಿದ್ದರು. ಅದರ ಪೈಲಟ್ ಸೀಟಿನ ಮೇಲಿನ ಗಾಜಿನಂಥ ಪ್ಲಾಸ್ಟಿಕ್ ಮುಚ್ಚಳವನ್ನು ಸೂಪರ್ ಗ್ಲೂ ಹಾಕಿ ಅಂಟಿಸಿದೆ. ಅದರ ಹೊಗೆಗೆ ಗಾಜೆಲ್ಲ ಬೆಳ್ಳಗಾಗಿ ಮಂಜು ಕವಿದ ಹಾಗಾಯಿತು. ಅಳು ಬಂತು. ಅಪ್ಪ ಶಿಫ್ಟ್ ಮುಗಿಸಿ ಬಂದು ಅದನ್ನು ಕೈಗೆ ತಗೊಂಡರು. ಮೂಗಿನ ಮಟ್ಟಕ್ಕೆ ಹಿಡಿದು ಮುಂದಿನಿಂದ ನೋಡಿದರು. ಕಣ್ಣು ಮುಚ್ಚಿ ರೆಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದರು. "ಎರಡು ರೆಕ್ಕೆನೂ ಒಂದೇ ಮಟ್ಟಕ್ಕೆ ಕೂರಿಸಿದೀಯ" ಅಂದರು. ಅಷ್ಟೇ. ದಿನವಿಡೀ ನಿಜವಾದ ವಿಮಾನದ ತಗಡು ಕೂರಿಸುತ್ತಿದ್ದ ಮನುಷ್ಯ ಅವರು. ಬೇಕಿದ್ದರೆ ಅರ್ಧ ಗಂಟೆಯಲ್ಲಿ ನನ್ನದನ್ನು ಸರಿಮಾಡಿ ಕೊಡಬಹುದಿತ್ತು. ಕೈ ಹಾಕಲಿಲ್ಲ.

ಕಿಟ್‌ಗೆ ದುಡ್ಡು ಜಾಸ್ತಿ, ಮಗು ಹಾಳು ಮಾಡಿದರೆ ಅಷ್ಟೂ ದಂಡ ಅಂತ ಅಕ್ಕ ಅಂದಳು. ಹೌದು, ಅಗ್ಗ ಅಲ್ಲ. ಆದರೆ ಕೊಟ್ಟದ್ದೇ ಹಾಳಾಗಲಿ ಅಂತ. ಚಾಕು, ಥಿನ್ನರ್ ವಾಸನೆ ಅಂದರೆ ಒಪ್ಪುತ್ತೇನೆ. ಬ್ಲೇಡನ್ನು ದೊಡ್ಡವರು ಇಟ್ಟುಕೊಳ್ಳಿ, ಕಿಟಕಿ ತೆರೆಯಿರಿ. ಉಪ್ಪುಕಾಗದ ಕೊಡಲು ಏನು ಭಯ? 400ನೇ ನಂಬರಿನಲ್ಲಿ ಶುರು ಮಾಡಿ 800, 1000 ಅಂತ ಇನ್ನೂ ನಯವಾದ ಕಾಗದದಲ್ಲಿ ಉಜ್ಜುತ್ತಾ ಹೋದರೆ ಸಂದು ಹೇಗೆ ಮಾಯವಾಗುತ್ತದೆ ಅನ್ನುವುದನ್ನು ಅವಳ ಬೆರಳೇ ತಿಳಿದುಕೊಳ್ಳುತ್ತಿತ್ತು. 1/72 ಅಳತೆಯಲ್ಲಿ ಒಂದು ಮಿಲಿಮೀಟರ್ ಸಂದು ಅಂದರೆ ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರ್. ಅದನ್ನು ಕೇಳಿದ್ದರೆ ಅವಳ ಕಣ್ಣು ಎಷ್ಟು ಅಗಲ ಆಗುತ್ತಿತ್ತು! ಆ ಲೆಕ್ಕ ಹೇಳಿಕೊಡಲು ನನಗೆ ಅವಕಾಶವೇ ಸಿಗಲಿಲ್ಲ.

ಭಾವನ ಮೇಲೆ ಇಷ್ಟು ಸಿಟ್ಟು ಯಾಕೆ ಬಂತು ಅಂತ ರಾತ್ರಿ ಮಲಗಿದಾಗ ಗೊತ್ತಾಯಿತು. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿಲ್ಲ.

ನನ್ನ ಮಗ ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು 1/24 ಕಾರು ಶುರು ಮಾಡಿದ್ದ. ಕೆಂಪು ಬಣ್ಣ. ಕಾರು ವಿಮಾನಕ್ಕಿಂತ ಕಷ್ಟ. ವಿಮಾನದ ಮ್ಯಾಟ್ ಬಣ್ಣದಲ್ಲಿ ಸಣ್ಣ ತಪ್ಪು ಅಡಗಿಹೋಗುತ್ತದೆ, ಕಾರಿನ ಹೊಳಪಿನಲ್ಲಿ ಒಂದು ಕೂದಲೆಳೆಯೂ ಎದ್ದು ಕಾಣುತ್ತದೆ. ಅದು ಆಗಸ್ಟ್ ತಿಂಗಳು, ನಾಲ್ಕು ದಿನದಿಂದ ಬಿಡದ ಮಳೆ. ಕಾಯಲಾರದೆ ಅವನು ಬಣ್ಣದ ಮೇಲಿನ ಹೊಳಪಿನ ಲ್ಯಾಕರ್ ಹೊಡೆದ. ತೇವಕ್ಕೆ ಅದು ಹಾಲಿನ ಕೆನೆ ಕಟ್ಟಿದ ಹಾಗೆ ಬಿಳಿಚಿತು. ನಾನು "ಕೊಡು ಇಲ್ಲಿ" ಅಂದೆ. ಬಣ್ಣ ಪೂರ್ತಿ ತೆಗೆದು, ಬಿಸಿಲು ಬರುವವರೆಗೆ ಕಾದು, ಮತ್ತೆ ಹೊಡೆದು, 2000ದ ಕಾಗದದಲ್ಲಿ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ ಕನ್ನಡಿ ಥರ ಮಾಡಿಟ್ಟೆ. ಅವನು ನೋಡಿ "ಚೆನ್ನಾಗಿದೆ ಅಪ್ಪ" ಅಂದು ಬ್ಯಾಟ್ ತಗೊಂಡು ಕೆಳಗೆ ಹೋದ. ಮತ್ತೆ ಆ ಮೇಜಿನ ಹತ್ತಿರ ಕೂತಿಲ್ಲ. ಈಗ ಇಂಜಿನಿಯರಿಂಗ್ ಎರಡನೇ ವರ್ಷ. ಆ ಕಾರು ನನ್ನ ಕಪಾಟಿನಲ್ಲೇ ಇದೆ. ಬಂದವರೆಲ್ಲ ಹೊಗಳುತ್ತಾರೆ. ಅದನ್ನು ಕಂಡರೆ ನನಗೆ ಆಗುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ ಭಾವ, ದಯವಿಟ್ಟು ಮಗುವಿನ ಕೈಯಿಂದ ಕಿತ್ತುಕೊಳ್ಳಬೇಡಿ. ನಿಮಗೆ ಆಸೆಯಾದರೆ ನಿಮಗೇ ಒಂದು ಕಿಟ್ ತಂದುಕೊಡುತ್ತೇನೆ. ನಿಮ್ಮ ಕೈ ಚೆನ್ನಾಗಿದೆ, ಮನಸ್ಸಿನಿಂದ ಹೇಳುತ್ತಿದ್ದೇನೆ. ಒಂದೇ ಮೇಜಿನ ಆ ಕಡೆ ನೀವು, ಈ ಕಡೆ ಅವಳು ಕೂತುಕೊಳ್ಳಿ. ಅವಳದ್ದು ಸೊಟ್ಟಗಾಗಲಿ.

ಹೊರಡುವಾಗ ಅವಳು ಮೆಟ್ಟಿಲವರೆಗೂ ಬಂದಳು. ಆಚೆ ಈಚೆ ನೋಡಿ ಜಾಮಿಟ್ರಿ ಬಾಕ್ಸ್ ತೆರೆದಳು. ಒಳಗೆ ಹತ್ತಿಯ ಮೇಲೆ ಪೈಲಟ್ ಮಲಗಿದ್ದ. ಕಿಟ್ ಜೊತೆ ಬಂದ, ಕಿರುಬೆರಳಿನ ಅರ್ಧದಷ್ಟೂ ಇಲ್ಲದ ಬೊಂಬೆ. ಖಾಲಿ ಸೀಟೇ ಚೆಂದ ಅಂತ ಭಾವ ಅವನನ್ನು ಬಿಟ್ಟಿದ್ದರಂತೆ. ಇವಳು ಅಕ್ಕನ ನೈಲ್ ಪಾಲಿಶ್ ತಗೊಂಡು ಅವನ ಹೆಲ್ಮೆಟ್ಟಿಗೆ ಗುಲಾಬಿ ಬಣ್ಣ ಬಳಿದಿದ್ದಾಳೆ. ನೈಲ್ ಪಾಲಿಶ್‌ಗೆ ಪ್ಲಾಸ್ಟಿಕ್ ಕರಗುತ್ತದೆ, ಮುಖ ಒಂದು ಕಡೆ ಸ್ವಲ್ಪ ಇಳಿದಿದೆ. ಕುತ್ತಿಗೆಯ ಹಿಂದೆ ಅವಳ ಬೆರಳಚ್ಚು.

ಜಾಗ್ವಾರ್‌ನ ಫೋಟೋ ಹಾಕುತ್ತಿಲ್ಲ. ಅವಳನ್ನು ಕೇಳಿ ಪೈಲಟ್‌ನ ಫೋಟೋ ತಗೊಂಡೆ. ಕೆಳಗೆ ಹಾಕಿದ್ದೇನೆ, ಎಲ್ಲರೂ ನೋಡಿ.