ನಮ್ಮ ಫಾರ್ವರ್ಡಿಗೂ ಅದೇ ಅಳತೆ

ಹೊರದೇಶಕ್ಕೆ ಬಂದ ಮೇಲೆ ನಾನು ಎರಡು ವಾಟ್ಸಾಪ್ ಗುಂಪುಗಳ ನಡುವೆ ಬದುಕುತ್ತಿದ್ದೇನೆ. ಒಂದು ಮನೆಯವರದ್ದು, ಇನ್ನೊಂದು ಜೊತೆಗೆ ಕೆಲಸ ಮಾಡುವವರದ್ದು. ಎರಡನೆಯದರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇದ್ದೇವೆ.

ಒಮ್ಮೆ ಅಲ್ಲಿಗೊಂದು ಸಂದೇಶ ಬಂತು. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಆಜಾನ್ ಕೇಳಿಸಿಕೊಂಡು ಇಸ್ಲಾಂ ಸೇರಿದರಂತೆ. ಚಂದ್ರನಲ್ಲಿ ಗಾಳಿಯೇ ಇಲ್ಲ, ದನಿ ಹೇಗೆ ಕೇಳೀತು? ಹುಡುಕಿ ನೋಡಿದೆ. ಈ ಸುದ್ದಿ ಎಷ್ಟು ಹಬ್ಬಿತ್ತೆಂದರೆ, ಅದು ಸುಳ್ಳೆಂದು ಅಮೆರಿಕದ ವಿದೇಶಾಂಗ ಇಲಾಖೆ 1983ರಲ್ಲೇ ತನ್ನ ರಾಯಭಾರ ಕಚೇರಿಗಳಿಗೆ ತಿಳಿಸಬೇಕಾಯಿತು. ಇನ್ನೊಬ್ಬರು ಹಾಕಿದ್ದು, ಬೈಬಲ್ಲಿನಲ್ಲಿ ಸೂರ್ಯ ನಿಂತುಹೋದ ಆ ದಿನವನ್ನು ನಾಸಾದ ಕಂಪ್ಯೂಟರು ಪತ್ತೆ ಹಚ್ಚಿತು ಅಂತ. ನಾಸಾ ಇದನ್ನೂ ಅಲ್ಲಗಳೆದಿದೆ. ಇವೆರಡನ್ನೂ ನಾನು ಹತ್ತೇ ನಿಮಿಷದಲ್ಲಿ ತಳ್ಳಿಹಾಕಿದೆ.

ಅದೇ ವಾರ ಮನೆಯ ಗುಂಪಿಗೆ ಚಿಕ್ಕಪ್ಪ ಒಂದು ಸಂದೇಶ ಕಳಿಸಿದರು. ಹನುಮಾನ್ ಚಾಲೀಸಾದಲ್ಲಿ ಭೂಮಿಯಿಂದ ಸೂರ್ಯನಿಗಿರುವ ದೂರ ಕರಾರುವಾಕ್ಕಾಗಿ ಇದೆ, ನಾಸಾ ಕೂಡ ಒಪ್ಪಿದೆ ಅಂತ. ನಾನು ಏನೂ ಹುಡುಕಲಿಲ್ಲ, ಕೈಮುಗಿಯುವ ಚಿತ್ರ ಒತ್ತಿಬಿಟ್ಟೆ. ರಾತ್ರಿ ಮಲಗಿದಾಗ ಅದು ಚುಚ್ಚತೊಡಗಿತು. ಬೇರೆಯವರ ನಂಬಿಕೆಗೆ ಒಂದು ಅಳತೆ, ನನ್ನದಕ್ಕೆ ಇನ್ನೊಂದು. ಇದು ಸರಿಯಲ್ಲ ಅಲ್ವಾ?

ಮರುದಿನ ಲೆಕ್ಕ ಹಾಕಿದೆ. ಚಾಲೀಸಾದಲ್ಲಿ ಸೂರ್ಯ "ಜುಗ ಸಹಸ್ರ ಜೋಜನ", ಅಂದರೆ ಯುಗ ಸಹಸ್ರ ಯೋಜನ, ದೂರದಲ್ಲಿದ್ದಾನೆ ಅನ್ನುವ ಸಾಲಿದೆ. ಆ ಸಂದೇಶದ ಪ್ರಕಾರ ಯುಗ ಅಂದರೆ 12,000, ಸಹಸ್ರ ಅಂದರೆ 1,000, ದೂರದ ಹಳೆಯ ಅಳತೆಯಾದ ಯೋಜನ ಅಂದರೆ 8 ಮೈಲಿ. ಗುಣಿಸಿದರೆ 9.6 ಕೋಟಿ ಮೈಲಿ. ನಿಜವಾದ ಸರಾಸರಿ ದೂರ ಸುಮಾರು 9.3 ಕೋಟಿ ಮೈಲಿ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ 12,000 ಅನ್ನುವುದು ನಾಲ್ಕೂ ಯುಗ ಸೇರಿದ ದೇವಮಾನದ ವರ್ಷಗಳ ಲೆಕ್ಕ. ವರ್ಷವನ್ನು ಯೋಜನದಿಂದ ಗುಣಿಸಿದರೆ ದೂರ ಹೇಗೆ ಬರುತ್ತದೆ? ಯೋಜನಕ್ಕೂ ಒಂದೇ ಅಳತೆ ಇರಲಿಲ್ಲ. ನಮ್ಮ ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತದಲ್ಲಿ ಭೂಮಿಯ ವ್ಯಾಸ 1,600 ಯೋಜನ. ಇಂದಿನ ಅಳತೆ 12,742 ಕಿಲೋಮೀಟರ್. ಅಂದರೆ ಯೋಜನಕ್ಕೆ ಸುಮಾರು 8 ಕಿಲೋಮೀಟರ್, 8 ಮೈಲಿ ಅಲ್ಲ. ಹಾಗೆ ಗುಣಿಸಿದರೆ ಸಿಗುವುದು 9.6 ಕೋಟಿ ಕಿಲೋಮೀಟರ್, ಬೇಕಾದದ್ದು ಸುಮಾರು 15 ಕೋಟಿ. ಉತ್ತರ ಮೊದಲೇ ಇಟ್ಟುಕೊಂಡು ಲೆಕ್ಕ ಹೊಂದಿಸಿದ್ದಾರೆ.

ನನಗೆ ಜಾಸ್ತಿ ಬೇಜಾರಾದದ್ದು ಇನ್ನೊಂದಕ್ಕೆ. ಎಳೆಯ ಹನುಮ ಸೂರ್ಯನನ್ನು ಸಿಹಿ ಹಣ್ಣೆಂದು ಬಗೆದು ಹಾರುತ್ತಾನೆ. ಎಂಥ ಚಂದದ ಚಿತ್ರ! ಭಕ್ತಿಯಿಂದ ಹಾಡುವವರಿಗೆ ಅದಕ್ಕೆ ನಾಸಾದ ಸರ್ಟಿಫಿಕೇಟು ಯಾಕೆ ಬೇಕು? ಮೂರೂ ಧರ್ಮದ ಸಂದೇಶಗಳು ಚಂದ್ರನಿಗೋ ನಾಸಾಗೋ ಹೋಗಿ ಸಾಕ್ಷಿ ಕೇಳುತ್ತಿವೆ. ನಂಬಿಕೆಯನ್ನು ಅಷ್ಟು ಬಡವಾಗಿಸುವುದು ನನಗೆ ಒಪ್ಪಿಗೆಯಿಲ್ಲ.

ಇಲ್ಲಿನ ಗೆಳೆಯರ ನಡುವೆ "ಇದನ್ನು ಎಲ್ಲಿ ಓದಿದೆ?" ಅಂತ ಕೇಳಿದರೆ ಯಾರೂ ಮುಖ ಊದಿಸಿಕೊಳ್ಳುವುದಿಲ್ಲ. ಆರ್ಮ್‌ಸ್ಟ್ರಾಂಗ್ ಸುದ್ದಿ ಹಾಕಿದವರೇ ನಾನು ಕೇಳಿದ ಮೇಲೆ ಅಳಿಸಿದರು. ಮನೆಯ ಗುಂಪಿನಲ್ಲಿ ಅದೇ ಪ್ರಶ್ನೆ ಅಧಿಕಪ್ರಸಂಗವಾಗುತ್ತದೆ. ಹೊರಗೆ ಹೋಗಿ ಕೆಟ್ಟ ಅನ್ನುವ ಮಾತೂ ಬರುತ್ತದೆ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅನ್ನುವ ಗಾದೆ ನಮ್ಮ ಹಿರಿಯರದ್ದೇ. ಆದರೂ ಹತ್ತು ಜನರ ಎದುರು ಹಿರಿಯರನ್ನು ತಿದ್ದುವುದು ನನಗೂ ಇಷ್ಟವಿಲ್ಲ. ಅವರ ಮರ್ಯಾದೆಯೂ ಉಳಿಯಬೇಕು.

ಹಾಗಾಗಿ ಫೋನ್ ಮಾಡಿದೆ. "ಚಿಕ್ಕಪ್ಪ, ಆ ಲೆಕ್ಕ ನೀವು ಹಾಕಿದ್ದಾ?"

"ಇಲ್ಲ ಕಣೋ, ನನಗೂ ಯಾರೋ ಕಳಿಸಿದ್ದು. ಯಾಕೆ, ತಪ್ಪಾ?"

ಸೂರ್ಯಸಿದ್ಧಾಂತದ 1,600 ಯೋಜನದ ವಿಷಯ ಹೇಳಿದೆ. ದೂರದರ್ಶಕ ಇಲ್ಲದ ಕಾಲದಲ್ಲಿ ಭೂಮಿಗೆ ವ್ಯಾಸ ಕಟ್ಟಿದರಲ್ಲ, ಅದು ನಿಜವಾಗಿ ಹೆಮ್ಮೆಪಡುವ ಸಂಗತಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದನ್ನು ಹೇಗೆ ಅಳೆದರೋ?" ಅಂತ ಕೇಳಿದರು.

ಗುಂಪಿನಲ್ಲಿ ಆ ಸಂದೇಶ ಹಾಗೇ ಇದೆ. ಚಿಕ್ಕಪ್ಪ ಮುಂದಿನ ಭಾನುವಾರ ತಾವೇ ಫೋನ್ ಮಾಡಿ, "ಇರು, ಪೆನ್ನು ತಗೋತೀನಿ, ಯೋಜನದ ಲೆಕ್ಕ ಮೊದಲಿಂದ ಹೇಳು" ಅಂದರು.