ಪಿಚ್ಚರ್ ನಿಂತೈತೋ, ಹಂಗ ಐತೋ?

ಪರದೆಯ ಮೇಲೆ ಒಬ್ಬ ಮುದುಕ ಕಟ್ಟೆಯ ಮೇಲೆ ಕೂತಿದ್ದಾನೆ. ಅರ್ಧ ನಿಮಿಷ ಆಯಿತು, ಒಂದು ನಿಮಿಷ ಆಯಿತು, ಮುದುಕ ಅಲ್ಲೇ ಇದ್ದಾನೆ. ಆಗ ಕಲಾತ್ಮಕ ಚಿತ್ರ ನೋಡಲು ಸೇರಿದ ಧಾರವಾಡದ ಸಭಾಂಗಣ ಸದ್ದಿಲ್ಲದೆ ಎರಡು ಪಕ್ಷವಾಗುತ್ತದೆ. ಒಂದು ಪಕ್ಷ ಗದ್ದಕ್ಕೆ ಕೈ ಹಚ್ಚಿ ಮುಂದಕ್ಕೆ ಬಾಗುತ್ತದೆ. ಇನ್ನೊಂದು ಕುತ್ತಿಗೆ ಹೊರಳಿಸಿ ಹಿಂದೆ ಪ್ರೊಜೆಕ್ಟರ್ ಕಡೆ ನೋಡುತ್ತದೆ. "ನಿಂತೈತೇನ್ರಿ?" "ಇಲ್ರೀ ಕಾಕಾ, ಅದು ಹಂಗ ಐತಿ." ಕಾಕಾ ಅವರಿಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಎಷ್ಟೋ ಸಲ ಅದು ನಿಜವಾಗಿಯೂ ನಿಂತಿರುತ್ತದೆ.

ಕಲಾತ್ಮಕ ಚಿತ್ರ ಬೇರೆ, ಮಾಸ್ ಚಿತ್ರ ಬೇರೆ, ಪ್ರೇಕ್ಷಕರೂ ಬೇರೆ ಎಂದು ವಿಚಾರ ಸಂಕಿರಣಗಳು ಬೇಕಾದಷ್ಟು ಆಗಿವೆ. ಪ್ರೊಜೆಕ್ಟರ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುವವರ ಲೆಕ್ಕ ಮಾತ್ರ ಬಹಳ ಸರಳ. ಏನಾದರೂ ಕೆಟ್ಟಿತು ಅನ್ನಿ, ಮಾಸ್ ಪ್ರೇಕ್ಷಕ ಅದನ್ನು ಆಪರೇಟರನ ಖಾತೆಗೆ ಖರ್ಚು ಹಾಕುತ್ತಾನೆ. ಕಲಾತ್ಮಕ ಚಿತ್ರದ ಪ್ರೇಕ್ಷಕ ನಿರ್ದೇಶಕನ ಖಾತೆಗೆ ಜಮಾ ಮಾಡುತ್ತಾನೆ. ಹುಬ್ಬಳ್ಳಿಯ ಥೇಟರಿನಲ್ಲಿ ಚಿತ್ರ ಐದು ಸೆಕೆಂಡ್ ಗಕ್ಕನೆ ನಿಂತರೆ ಸಾಕು, "ಏ ಆಪರೇಟರ್, ನಿದ್ದಿ ಹತ್ತೇತೇನಲೇ?" ಎಂದು ಬಾಲ್ಕನಿ ಎದ್ದು ನಿಲ್ಲುತ್ತದೆ. ಧಾರವಾಡದಲ್ಲಿ ಅದೇ ಐದು ನಿಮಿಷ ನಿಂತರೂ ಯಾರೂ ಬಾಯಿ ಬಿಡುವುದಿಲ್ಲ. ತಿಳಿಯಲಿಲ್ಲ ಎಂದು ಪಕ್ಕದವರಿಗೆ ಗೊತ್ತಾದರೆ ಮರ್ಯಾದೆ ಪ್ರಶ್ನೆ.

ಹಾಗಾಗಿ ಕಲಾತ್ಮಕ ಚಿತ್ರ ತೋರಿಸುವವರು ಚಿತ್ರವನ್ನು ಮೊದಲೇ ಒಂದು ಸಲ ಪೂರ್ತಿ ನೋಡಿ, ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಏನೂ ಆಗುವುದಿಲ್ಲ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಚೀಟಿ ಇಲ್ಲದಿದ್ದರೆ ಮುದುಕನನ್ನು ಬಿಟ್ಟು ಅವನ ಹಿಂದಿನ ಗಿಡ ನೋಡಿ. ಎಲೆ ಅಲುಗಿದರೆ ಕಲೆ, ಅಲುಗದಿದ್ದರೆ ಕೇಬಲ್. ಚಿತ್ರ ಹೊರಗಿನ ಹಾರ್ಡ್ ಡಿಸ್ಕಿನಿಂದ ಓಡುತ್ತಿದ್ದರೆ ಯಾರೋ ಕಾಲು ತಾಗಿಸಿ ಯುಎಸ್‌ಬಿ ಸಡಿಲಾಗಿರುತ್ತದೆ. ಫೈಲನ್ನು ಮೊದಲೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ಚಾರ್ಜರ್ ಹಚ್ಚಿ, ಸ್ಲೀಪ್ ಬಂದ್ ಮಾಡಿ, ವೈಫೈ ಆಫ್ ಮಾಡಿ. ವೈಫೈ ಹಾಗೇ ಬಿಟ್ಟರೆ ಪರದೆಯಲ್ಲಿ ವಿಧವೆ ಒಲೆಯ ಮುಂದೆ ಅಳುತ್ತಿರುವಾಗ ಕೆಳಗಿನ ಮೂಲೆಯಲ್ಲಿ "ಬರೂಮುಂದ ಕೊತ್ತಂಬ್ರಿ ತಗೊಂಡ್ ಬಾ" ಎಂದು ಮನೆಯವರ ವಾಟ್ಸಾಪ್ ಮೂಡುತ್ತದೆ. ಮುಂದಿನ ಸಾಲಿನವರು ಅದನ್ನು ಸಬ್‌ಟೈಟಲ್ ಎಂದೇ ಓದಿಕೊಂಡು ತಲೆ ಆಡಿಸುತ್ತಾರೆ.

ಅತಿ ದೊಡ್ಡ ಅನಾಹುತ ಆಗುವುದು ಧ್ವನಿಯಲ್ಲಿ. ಈಗಿನ ಬಹಳಷ್ಟು ಚಿತ್ರಗಳ ಧ್ವನಿ 5.1, ಅಂದರೆ ಆರು ದಾರಿ: ಎಡ, ನಡು, ಬಲ, ಹಿಂದೆ ಎರಡು, ಗುಡುಗುವ ಸದ್ದಿಗೆ ಒಂದು. ಪಾತ್ರಗಳ ಮಾತು ಬಹುಪಾಲು ಬರುವುದು ನಡುವಿನ ದಾರಿಯಲ್ಲಿ. ಕಾಲೇಜು ಸಭಾಂಗಣದಲ್ಲಿ ಇರುವುದೋ ಗ್ಯಾದರಿಂಗಿಗೆಂದು ತಂದ ಎರಡೇ ಬಾಕ್ಸು, ಒಂದು ಎಡಕ್ಕೆ, ಒಂದು ಬಲಕ್ಕೆ. ಪ್ಲೇಯರ್ ಆರೂ ದಾರಿಗೆ ಧ್ವನಿ ಕಳಿಸಿ, ನಾವು ಎರಡೇ ವೈರು ಚುಚ್ಚಿದರೆ ನಡುವಿನದು ಎಲ್ಲಿಗೂ ಮುಟ್ಟುವುದಿಲ್ಲ. ಗಾಳಿ ಬೀಸುತ್ತದೆ, ನಾಯಿ ಬೊಗಳುತ್ತದೆ, ಮಳೆ ಸುರಿಯುತ್ತದೆ, ಸಾರಂಗಿ ಅಳುತ್ತದೆ. ಗಂಡ ಹೆಂಡತಿ ಎದುರುಬದುರು ಕೂತು ತುಟಿ ಅಲುಗಿಸುತ್ತಾರೆ, ಒಂದಕ್ಷರ ಕೇಳುವುದಿಲ್ಲ.

ಮಾಸ್ ಚಿತ್ರವಾಗಿದ್ದರೆ ಹತ್ತು ಸೆಕೆಂಡಿನಲ್ಲಿ "ಏ ಸೌಂಡ್!" ಎಂದು ಕೂಗಿ, ಸೀಟಿ ಹೊಡೆದು, ಕುರ್ಚಿ ಬಡಿದು ರಿಪೇರಿ ಮಾಡಿಸಿಯೇ ಬಿಡುತ್ತಿದ್ದರು. ಇಲ್ಲಿ ಇಪ್ಪತ್ತು ನಿಮಿಷ ಹಾಗೇ ಸಾಗುತ್ತದೆ. ಮೂರನೇ ಸಾಲಿನಿಂದ ಪಿಸುಮಾತು: "ಮೌನಾ ಹೆಂಗ ಬಳಸ್ಯಾರ ನೋಡ್ರಿ, ದಾಂಪತ್ಯದೊಳಗ ಮಾತs ಸತ್ತಾವು!" ಇಪ್ಪತ್ತೊಂದನೇ ನಿಮಿಷಕ್ಕೆ ಯಾರೋ ಹುಡುಗ ಸೆಟ್ಟಿಂಗ್‌ನಲ್ಲಿ ಸ್ಟೀರಿಯೊ ಒತ್ತಿದ ಕೂಡಲೇ ಆ ದಂಪತಿ ಉಪ್ಪಿನಕಾಯಿ ಭರಣಿ ಎಲ್ಲಿಟ್ಟೆ ಎಂದು ಜಗಳಾಡುವುದು ಕೇಳಿಸುತ್ತದೆ. ಸಭಾಂಗಣಕ್ಕೆ ಆಗುವ ನಿರಾಸೆ ಅಷ್ಟಿಷ್ಟಲ್ಲ.

ಪರೀಕ್ಷೆ ಮಾಡುವ ಕ್ರಮ ಇದು: ಟೈಟಲ್ ಸಂಗೀತ ಕೇಳಿಸಿತು ಎಂದು ಸಮಾಧಾನ ಪಡಬೇಡಿ, ಸಂಗೀತ ಎಡ-ಬಲದಲ್ಲಿ ಯಾವತ್ತೂ ಬರುತ್ತದೆ. ಇಬ್ಬರು ಮಾತಾಡುವ ದೃಶ್ಯ ಹಚ್ಚಿ ಕಟ್ಟಕಡೆಯ ಸಾಲಿನಲ್ಲಿ ಕೂತು ಕೇಳಿ. ಖಾಲಿ ಸಭಾಂಗಣಕ್ಕೆ ಸರಿಹೋದ ಧ್ವನಿ ಜನ ತುಂಬಿದಾಗ ಕಡಿಮೆ ಅನಿಸುತ್ತದೆ, ಮೈ-ಬಟ್ಟೆ ಸದ್ದನ್ನು ಹೀರುತ್ತವೆ. ಸ್ವಲ್ಪ ಏರಿಸಿಯೇ ಇಡಿ. ಎಚ್‌ಡಿಎಂಐ ಕೇಬಲ್ ಹಚ್ಚಿದಾಗ ಧ್ವನಿ ಪ್ರೊಜೆಕ್ಟರಿನೊಳಗಿನ ಪುಟ್ಟ ಸ್ಪೀಕರಿಗೆ ಹೋಗಿ ಕೂತಿರುವುದೂ ಉಂಟು, ಧ್ವನಿ ಎಲ್ಲಿಗೆ ಹೋಗಬೇಕೆಂದು ಲ್ಯಾಪ್‌ಟಾಪಿನಲ್ಲೇ ಆರಿಸಿ. ಇನ್ನು ಸೀಲಿಂಗ್ ಫ್ಯಾನು. ಅದು ಐದರಲ್ಲಿ ತಿರುಗಿದರೆ ಪಿಸುಮಾತೆಲ್ಲ ಅದರ ಪಾಲು. ಎರಡಕ್ಕೆ ಇಳಿಸಿ ಎನ್ನಬಹುದು, ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಹಾಗೆಂದವರನ್ನು ಜನ ಸುಮ್ಮನೆ ಬಿಡುವುದಿಲ್ಲ.

ಸಬ್‌ಟೈಟಲಿನ ಕಥೆ ಇನ್ನೊಂದು. ಸೆಕೆಂಡಿಗೆ 24 ಫ್ರೇಮಿನ ಪ್ರತಿಗೆ ಬರೆದ ಸಬ್‌ಟೈಟಲನ್ನು 25 ಫ್ರೇಮಿನ ಫೈಲಿಗೆ ಹಚ್ಚಿದರೆ, 100 ನಿಮಿಷದ ಚಿತ್ರ 96 ನಿಮಿಷಕ್ಕೇ ಮುಗಿಯುತ್ತದೆ. ಸಬ್‌ಟೈಟಲ್ ಮಾತ್ರ ತನ್ನ ನಡಿಗೆಯಲ್ಲೇ ಬರುತ್ತದೆ. ಮೊದಲ ಹತ್ತು ನಿಮಿಷ ಯಾರಿಗೂ ಅನುಮಾನ ಬರುವುದಿಲ್ಲ, ಕೊನೆಗೆ ನಾಲ್ಕು ನಿಮಿಷ ಹಿಂದೆ ಬಿದ್ದಿರುತ್ತದೆ. ಹೆಣ ಎತ್ತುವಾಗ "ಚಹಾಕ್ಕೆ ಸಕ್ಕರೆ ಎಷ್ಟು?" ಎಂಬ ಸಾಲು. ಚಿತ್ರ ಓಡಿಸುವ ವಿಎಲ್‌ಸಿ ಪ್ಲೇಯರಿನಲ್ಲಿ ಜಿ, ಎಚ್ ಕೀಗಳಿಂದ ಹಿಂದೆ ಮುಂದೆ ಸರಿಸಬಹುದು, ಆದರೆ ಇದು ಹೊತ್ತು ಹೋದಂತೆ ಬೆಳೆಯುವ ರೋಗ; ಒಂದು ಸಲ ಸರಿಸಿದರೆ ಸಾಲದು, ಸಬ್‌ಟೈಟಲ್ ಫೈಲನ್ನೇ ಬದಲಿಸಬೇಕು. ಅಷ್ಟು ಕಷ್ಟಪಟ್ಟು ಇಂಗ್ಲಿಷ್ ಸಬ್‌ಟೈಟಲ್ ಕನ್ನಡ ಚಿತ್ರಕ್ಕೆ ಯಾಕೆ ಎಂದು ಕೇಳುವವರಿದ್ದಾರೆ. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದ 'ತಿಥಿ'ಯನ್ನು ಹಚ್ಚಿ ನೋಡಿ. ಮಂಡ್ಯದ ಹಳ್ಳಿಯ ಆ ಮಾತಿನ ಓಟಕ್ಕೆ ನಮ್ಮ ಕಡೆಯ ಎಷ್ಟೋ ಜನ ಇಂಗ್ಲಿಷ್ ಓದಿಕೊಂಡೇ ಕನ್ನಡಕ್ಕೆ ನಗುತ್ತಾರೆ.

ಹಳೆಯ ಚಿತ್ರಗಳ ಚೌಕಟ್ಟು ಅಗಲ 4, ಎತ್ತರ 3. ಅದನ್ನು 16:9ಕ್ಕೆ ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪಗಾಗುತ್ತಾರೆ. ಬರಗಾಲದ ಚಿತ್ರದಲ್ಲಿ ಊರಿಗೆ ಊರೇ ಗುಂಡುಗುಂಡಾಗಿ ಹಸಿವಿನಿಂದ ನರಳುತ್ತದೆ. ವಿಎಲ್‌ಸಿಯಲ್ಲಿ ಎ ಒತ್ತುತ್ತಾ ಹೋಗಿ, 4:3 ಬಂದಾಗ ನಿಲ್ಲಿಸಿ. ಒತ್ತುವವರೆಗೆ ಯಾರೂ ದೂರು ಹೇಳುವುದಿಲ್ಲ, ಒತ್ತಿದ ಮೇಲೆ "ಎರಡೂ ಕಡೆ ಕರೇ ಪಟ್ಟಿ ಯಾಕ ಬಂತ್ರಿ?" ಎಂದು ಮಾತ್ರ ಕೇಳುತ್ತಾರೆ.

ರೀಲಿನ ಕಾಲದಲ್ಲೂ ಇದೇ ಗೋಳು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ (1964ರಲ್ಲಿ ಹುಟ್ಟಿದ್ದು) ಚಿತ್ರಸಮಾಜಗಳಿಗೆ, ಅಂದರೆ ಒಳ್ಳೆಯ ಚಿತ್ರ ತರಿಸಿ ನೋಡುವ ಸಂಘಗಳಿಗೆ, 16 ಎಂಎಂ ಪ್ರತಿಗಳನ್ನು ಕೊಡುತ್ತಿತ್ತು. 16 ಎಂಎಂ ಫಿಲ್ಮ್ ನಿಮಿಷಕ್ಕೆ 36 ಅಡಿ ಓಡುತ್ತದೆ, 1600 ಅಡಿಯ ರೀಲು ಎಂದರೆ ಮುಕ್ಕಾಲು ಗಂಟೆ. ಎರಡು ತಾಸಿನ ಚಿತ್ರಕ್ಕೆ ಮೂರು ರೀಲು. ಪ್ರೊಜೆಕ್ಟರ್ ಒಂದೇ ಇದ್ದಾಗ ರೀಲು ಬದಲಿಸಲು ದೀಪ ಹಾಕಲೇಬೇಕು. ಎರಡನೆಯದರ ಜಾಗಕ್ಕೆ ಮೂರನೆಯದು ಏರಿದರೆ ಸತ್ತವನು ಎದ್ದು ಬಂದು ಮದುವೆಯಾಗುತ್ತಾನೆ. ಮಾಸ್ ಥೇಟರಿನಲ್ಲಿ ನಾಯಕಿ ಪರಿಚಯವಾಗುವ ಮೊದಲೇ ಡ್ಯುಯೆಟ್ ಬಂದರೆ ಗೇಟ್‌ಕೀಪರನಿಂದ ಹಿಡಿದು ಶೇಂಗಾ ಮಾರುವವನವರೆಗೆ ಎಲ್ಲರಿಗೂ ಗೊತ್ತಾಗುತ್ತದೆ. ಇಲ್ಲಿ ಅದು ಫ್ಲ್ಯಾಶ್‌ಬ್ಯಾಕ್.

ಇನ್ನು ಕೆಲವು ಉತ್ಸಾಹಿಗಳು ಹುಬ್ಬಳ್ಳಿಯಲ್ಲಿ ಮಾರ್ನಿಂಗ್ ಶೋಗೆ ಥೇಟರನ್ನೇ ಬಾಡಿಗೆ ಹಿಡಿಯುತ್ತಾರೆ. ಅಲ್ಲಿ ಪೆನ್‌ಡ್ರೈವ್ ನಡೆಯುವುದಿಲ್ಲ, ಡಿಸಿಪಿ ಬೇಕು, ಅಂದರೆ ಥೇಟರಿಗೆಂದೇ ತಯಾರಾದ ಡಿಜಿಟಲ್ ಪ್ರತಿ. ಎರಡು ತಾಸಿನ ಚಿತ್ರಕ್ಕೆ ಸುಮಾರು 100ರಿಂದ 200 ಜಿಬಿ. ಡಿಸ್ಕ್ ಲಿನಕ್ಸ್ ರೀತಿಯಲ್ಲಿ ತಯಾರಾಗಿರುವುದರಿಂದ ವಿಂಡೋಸ್ ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ "ಫಾರ್ಮ್ಯಾಟ್ ಮಾಡಲೇ?" ಎಂದು ಬಹಳ ವಿನಯದಿಂದ ಕೇಳುತ್ತದೆ. ಸ್ವಯಂಸೇವಕರಲ್ಲಿ ಒಬ್ಬನಾದರೂ ಹೂಂ ಅನ್ನುವವನು ಇದ್ದೇ ಇರುತ್ತಾನೆ. ಡಿಸ್ಕಿನ ಮೇಲೆ "ಲ್ಯಾಪ್‌ಟಾಪಿಗೆ ಹಚ್ಚಬಾರದು" ಎಂದು ಚೀಟಿ ಅಂಟಿಸಿ. ಥೇಟರಿನ ಸರ್ವರ್ ಕಂಪ್ಯೂಟರಿಗೆ ಇಳಿಸಲು ಒಂದು ತಾಸಿನ ಮೇಲೆಯೇ ಹಿಡಿಯಬಹುದು, ಹಾಗಾಗಿ ಹಿಂದಿನ ದಿನವೇ ಮುಟ್ಟಿಸಿ.

ಚಿತ್ರಕ್ಕೆ ಬೀಗ ಇದ್ದರೆ ಕೆಡಿಎಂ ಎಂಬ ಕೀ ಬರುತ್ತದೆ. ಅದು ಒಂದೇ ಸರ್ವರ್‌ಗೆ, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ. ಜನ ಕಡಿಮೆ ಎಂದು ಪಕ್ಕದ ಸಣ್ಣ ಸ್ಕ್ರೀನಿಗೆ ಬದಲಿಸಿದಿರೋ, ಅದರ ಸರ್ವರ್ ಬೇರೆ, ತೆರೆಯುವುದಿಲ್ಲ. ಮುನ್ನಾದಿನ ಪರೀಕ್ಷೆ ಮಾಡೋಣ ಎಂದರೆ ಕೀಯ ಗಳಿಗೆ ಇನ್ನೂ ಕೂಡಿ ಬಂದಿರುವುದಿಲ್ಲ. ಹತ್ತು ಗಂಟೆಯ ಶೋಗೆ ಹನ್ನೊಂದರವರೆಗೆ ಮಾತ್ರ ಕೀ ತರಿಸಿ, ಉದ್ಘಾಟನೆಗೆ ಗಣ್ಯರನ್ನು ಕರೆದವರ ಗತಿ ಕೇಳಬೇಡಿ. ಗಣ್ಯರು ಮೂಕಿ ಚಿತ್ರದಿಂದ ಆರಂಭಿಸಿ ವಾಕ್ಚಿತ್ರಕ್ಕೆ ಬರುವಷ್ಟರಲ್ಲಿ ಕೀಯ ಆಯುಷ್ಯ ಮುಗಿದಿರುತ್ತದೆ. ಕೀ ಕೇಳುವಾಗಲೇ ಮುನ್ನಾದಿನದಿಂದ ಮರುದಿನದವರೆಗೆ ಎಂದು ಕೇಳಿ, ಗಣ್ಯರ ಭಾಷಣವನ್ನು ಚಿತ್ರದ ನಂತರಕ್ಕೆ ಹಾಕಿ.

ಇಂಟರ್ವಲ್ ವಿಷಯದಲ್ಲಿ ನನ್ನ ಸಹಾನುಭೂತಿ ಕ್ಯಾಂಟೀನಿನವರಿಗೆ. ಮಾಸ್ ಚಿತ್ರದ ನಿರ್ದೇಶಕ ಇಂಟರ್ವಲ್ಲಿಗೆಂದೇ ಒಂದು ಸ್ಫೋಟ ಇಟ್ಟಿರುತ್ತಾನೆ, ಜನ ಎದೆ ಉಬ್ಬಿಸಿಕೊಂಡು ಹೊರಗೆ ಬಂದು ಎರಡೆರಡು ಮಿರ್ಚಿ ತಿನ್ನುತ್ತಾರೆ. ಕಲಾತ್ಮಕ ಚಿತ್ರ 95 ನಿಮಿಷ, ಇಂಟರ್ವಲ್ ಇಟ್ಟೇ ಇಲ್ಲ. ಆಪರೇಟರ್ 47ನೇ ನಿಮಿಷಕ್ಕೆ ಕತ್ತರಿಸುತ್ತಾನೆ, ಅಲ್ಲಿ ಅಜ್ಜಿ ಸೂಜಿಗೆ ದಾರ ಪೋಣಿಸುತ್ತಿರುತ್ತಾಳೆ. ದೀಪ ಹತ್ತಿದಾಗ ಜನ ಚಿತ್ರ ಮುಗಿಯಿತೆಂದು ತಿಳಿದು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಅಂತ್ಯ ಬಹಳ ಸೂಕ್ಷ್ಮವಾಗಿತ್ತು ಎಂದು ಮರುದಿನ ಹೇಳುತ್ತಾರೆ ಕೂಡ. ಇಂಟರ್ವಲ್ ಬೇಡವೆಂದರೆ ಕ್ಯಾಂಟೀನಿನವರಿಗೆ ಮೊದಲೇ ಹೇಳಿ, ಇಲ್ಲವಾದರೆ ಅವರು ಗಿರ್ಮಿಟ್ ಕಲಸಿಟ್ಟು ಕಾಯುತ್ತಾರೆ. ಕಲಸಿದ ಹತ್ತು ನಿಮಿಷಕ್ಕೆ ಚುರುಮುರಿ ಮೆತ್ತಗಾಗುತ್ತದೆ. ಒಗ್ಗರಣೆ ಬೇರೆ, ಚುರುಮುರಿ ಬೇರೆ, ಪುಟಾಣಿ ಹಿಟ್ಟು ಬೇರೆ ಇಟ್ಟು, ಹೆಸರುಗಳು ಪರದೆಯ ಮೇಲೆ ಏರತೊಡಗಿದಾಗ ಕಲಸಲು ಹೇಳಬೇಕು. ಮೆತ್ತಗಾದ ಗಿರ್ಮಿಟ್ ತಿಂದವನು ಚಿತ್ರದ ಬಗ್ಗೆ ಒಳ್ಳೆಯ ಮಾತು ಆಡಿದ್ದನ್ನು ಯಾರೂ ಕಂಡಿಲ್ಲ.

ಜನ ಸೇರಿಸಲು ಹಿಂದಿನವರಿಗೆ ಒಂದು ಉಪಾಯ ಗೊತ್ತಿತ್ತು: ಚಿತ್ರಸಮಾಜದ ವಿದೇಶಿ ಚಿತ್ರಕ್ಕೆ ಸೆನ್ಸಾರ್ ಕತ್ತರಿ ಇಲ್ಲ ಎಂಬ ಸುದ್ದಿ ಬಿಡುವುದು. ಸಭಾಂಗಣ ತುಂಬುತ್ತಿತ್ತು. ಮೊದಲ ರೀಲಿನಲ್ಲಿ ಬರೀ ಹಿಮ, ಎರಡನೆಯದರಲ್ಲಿ ಪಾದ್ರಿ, ಮೂರನೆಯದಕ್ಕೆ ಕಾರ್ಯದರ್ಶಿ ಒಬ್ಬರೇ.

ತಮಾಷೆಯೆಂದರೆ ಮಾಸ್ ಚಿತ್ರವನ್ನು ಇದೇ ಸಭಾಂಗಣಕ್ಕೆ ತಂದರೂ ಫಜೀತಿ ತಪ್ಪುವುದಿಲ್ಲ. ಹೀರೋ ಎಂಟ್ರಿಯಲ್ಲಿ ಸೀಟಿ-ಚಪ್ಪಾಳೆಗೆಂದು ಜಾಗ ಬಿಟ್ಟಿರುತ್ತಾರೆ, ಆ ಹೊತ್ತು ಮಾತೇ ಇರುವುದಿಲ್ಲ. ಸೆಕೆಂಡಿಗೆ 96 ಫ್ರೇಮ್ ತೆಗೆದು 24ರಲ್ಲಿ ಓಡಿಸಿದರೆ ಹತ್ತು ಸೆಕೆಂಡಿನ ನಡಿಗೆ ನಲವತ್ತು ಸೆಕೆಂಡ್ ಆಗುತ್ತದೆ. ಹುಬ್ಬಳ್ಳಿಯ ಮೊದಲ ದಿನದ ಮೊದಲ ಶೋದಲ್ಲಿ ಕಾಗದದ ಚೂರು ಹಾರುತ್ತಾ, ಮುಂದಿನವರು ಕುರ್ಚಿ ಹತ್ತಿ ಕುಣಿಯುತ್ತಾ ಅದು ಹೋಗಿದ್ದೇ ತಿಳಿಯುವುದಿಲ್ಲ. ಧಾರವಾಡದ ಮೂವತ್ತು ಜನ ಕೈಕಟ್ಟಿ ಕೂತು ನೋಡಿದರೆ ಒಬ್ಬ ಮನುಷ್ಯ ಬಹಳ ಹೊತ್ತು ಸುಮ್ಮನೆ ನಡೆಯುತ್ತಾನೆ. ಅಷ್ಟು ನಿಧಾನದ ಕಲಾತ್ಮಕ ಚಿತ್ರವನ್ನು ಯಾವ ನಿರ್ದೇಶಕನೂ ತೆಗೆಯಲಾರ.

ಚಿತ್ರದ ನಂತರ ಸಂವಾದ. ಮೈಕನ್ನು ಯಾವ ಕಾರಣಕ್ಕೂ ಪ್ರೇಕ್ಷಕರ ಕೈಗೆ ಕೊಡಬೇಡಿ, ಸ್ವಯಂಸೇವಕ ಹಿಡಿದೇ ಇರಬೇಕು. "ಪ್ರಶ್ನೆ ಅಲ್ರಿ, ಒಂದು ಅನಿಸಿಕೆ" ಎಂದು ಶುರುವಾದದ್ದು ಹದಿನೈದು ನಿಮಿಷಕ್ಕೆ ಕಡಿಮೆ ಇಲ್ಲ. ಯಾವ ದೇಶದ ಚಿತ್ರವಾದರೂ ಸರಿ, ಧಾರವಾಡದ ಚರ್ಚೆ ಕೊನೆಗೆ 1970ರ 'ಸಂಸ್ಕಾರ'ಕ್ಕೇ ಬಂದು ಮುಟ್ಟುತ್ತದೆ: ಸೆನ್ಸಾರ್ ಮೊದಲು ತಡೆದದ್ದು, ಆಮೇಲೆ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದದ್ದು, ಚಿತ್ರಕಥೆ ಬರೆದು ನಾಯಕ ಪ್ರಾಣೇಶಾಚಾರ್ಯನಾಗಿ ನಟಿಸಿದ ಕಾರ್ನಾಡರು ಇಲ್ಲೇ ಕರ್ನಾಟಕ ಕಾಲೇಜಿನಲ್ಲಿ ಓದಿದ್ದು. ಎಲ್ಲವೂ ನಿಜವೇ ಆದ್ದರಿಂದ ತಡೆಯಲೂ ಬರುವುದಿಲ್ಲ. ಹುಬ್ಬಳ್ಳಿಯಿಂದ ಬಂದವರು ಚಿಗರಿ ಬಸ್ಸು ತಪ್ಪೀತೆಂದು ಬಾಗಿಲ ಹತ್ತಿರ ಸರಿಯುತ್ತಿರುತ್ತಾರೆ, ಅಧ್ಯಕ್ಷರು ಇನ್ನೂ ಸಮಾರೋಪಕ್ಕೆ ಎದ್ದಿರುವುದಿಲ್ಲ. ಇದಕ್ಕೆ ಗಟ್ಟಿ ಉಪಾಯ ಒಂದೇ: ಕುರ್ಚಿ ಬಾಡಿಗೆ ಕೊಟ್ಟ ಶಾಮಿಯಾನಾದವರಿಗೆ ಸರಿಯಾಗಿ ಒಂಬತ್ತೂವರೆಗೆ ಟಂಟಂ ಗಾಡಿ ತರಲು ಹೇಳಿಡಿ. ಅವರು ಹಿಂದಿನ ಸಾಲಿನಿಂದ ಒಂದೊಂದೇ ಕುರ್ಚಿ ಪೇರಿಸುತ್ತಾ ಬಂದು ಮುಂದಿನ ಸಾಲಿಗೆ ಮುಟ್ಟಿ, "ಏಳ್ರೀ ಸರ, ಎಣಿಸಬೇಕು" ಎಂದರೆ ಎಂಥ ಅನಿಸಿಕೆಯೂ ನಿಲ್ಲುತ್ತದೆ.